ಬಿಸಿಲೆ ದಾರಿಯ ಸಿದ್ಧತೆ

ಬರುವ ಭಾನುವಾರ ಸಕಲೇಶಪುರದ ಕಡೆಯಿಂದ ಬಿಸಿಲೆ ಕಾಡಿನ ದಾರಿಯಲ್ಲಿ ಗೇರ್ ಸೈಕಲ್ ಸವಾರಿ ಹೋಗಬೇಕೆಂದು ನಾವು ಮೂವರು ಗೆಳೆಯರು ನಿಶ್ಚಯಿಸಿದ್ದೇವೆ. ಕುಮಾರ ಪರ್ವತ ಕಾಣುವ ವೀಕ್ಷಣಾ ತಾಣದಿಂದಲೇ ಹಿಂದಿರುಗುತ್ತೇವೆ. ಘಾಟಿಯನ್ನು ಕುಕ್ಕೆಯವರೆಗೆ ಇಳಿದರೆ ಮತ್ತೆ ಹತ್ತಬೇಕಾಗುತ್ತದೆ, ಅದಕ್ಕೆ ನನ್ನ ಮೊಣಕಾಲುಗಳ ಒಪ್ಪಿಗೆಯಿಲ್ಲ. ಮುಂಜಾನೆ, ಮುಸ್ಸಂಜೆಗಳಲ್ಲಿ ಆನೆಗಳು ರಸ್ತೆಗೆ ಬರುವುದರಿಂದ ಬಿಸಿಲೇರಿದ ಮೇಲೆ ಹೊರಟು, ಮಧ್ಯಾಹ್ನ 3 ಗಂಟೆಯೊಳಗೆ ಕಾಡು ದಾಟಬೇಕು. ಸೈಕಲ್ಲು ಸದ್ದಿಲ್ಲದ ವಾಹನವಾದ್ದರಿಂದ ತಿರುವುಗಳಲ್ಲಿ ಬೆಲ್ ಮಾಡುತ್ತಲೇ ಸಾಗಬೇಕೆಂದು ತೋಟದ ಕೆಲಸದ ಅಣ್ಣನೊಬ್ಬರು ಎಚ್ಚರಿಸಿದ್ದಾರೆ.

ಅಲ್ಲಿಯ ದಿಣ್ಣೆಯೊಂದರ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಯನ್ನೂ, ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರವನ್ನೂ ಸೇರುತ್ತದೆ. ದಣಿವಾರಿಸಿಕೊಳ್ಳಲು ಅಲ್ಲಿ ನಿಂತಾಗ ಬಾಟಲಿಯಲ್ಲಿ ಉಳಿದ ನೀರನ್ನು ಯಾವ ಕಡಲಿಗೆ ಕಳುಹಿಸಲೆಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.