ಹಳೇ ಪೈಪಿನ ಮುರಿದ ಸ್ಟೆಮ್: ಮರಕ್ಕೆ ಕೈ ಹಚ್ಚದೆ ರಿಪೇರಿ

ಮೈಸೂರಿನ ನಮ್ಮ ಲೇತ್ ಅಂಗಡಿಗೆ ಬರುವ ಹಳೇ ತಂಬಾಕು ಪೈಪುಗಳಲ್ಲಿ ಹೆಚ್ಚಿನವು ಮುರಿದಿರುವುದು ಒಂದೇ ಜಾಗದಲ್ಲಿ. ಬಾಯಿಗೆ ಇಡುವ ಕರಿ ಸ್ಟೆಮ್ಮಿನ ಇನ್ನೊಂದು ತುದಿ, ಅಂದರೆ ಮರದ ತೂತಿನೊಳಗೆ ಕೂರುವ ಟೆನನ್. ಸೇದಿದ ಬಿಸಿಯಲ್ಲೇ ಸ್ಟೆಮ್ ಎಳೆಯುವುದೇ ಕಾರಣ. ಬಿಸಿಗೂ ತೇವಕ್ಕೂ ಟೆನನ್ ಬಿಗಿದುಕೊಂಡಿರುತ್ತೆ, ಕೈ ಸ್ವಲ್ಪ ಓರೆಯಾದರೆ ಬುಡದಲ್ಲೇ ಕಟ್ ಆಗುತ್ತೆ.

ಬೀಟೆ ಮರದಲ್ಲಿ ಪಳಗಿದ ಕೈಗೆ ಇದು ಸಣ್ಣ ಕೆಲಸ ಅನಿಸಬಹುದು. ಆದರೆ ಪೈಪಿನ ಬ್ರಯರ್ ಮರ ಮೆಡಿಟರೇನಿಯನ್ ಕಡೆಯ ಪೊದೆಯೊಂದರ ಬೇರುಗಡ್ಡೆ. ತಯಾರಿಸಿದವರ ಮುದ್ರೆಯೂ ಅದರ ಮೇಲೇ ಇರುತ್ತೆ. ಅದು ಹೋದರೆ ಹೋಯಿತು. ಟೆನನ್ ಕೆಟ್ಟರೆ ಇನ್ನೊಂದು ಕಡೆದುಕೊಳ್ಳಬಹುದು. ಹಾಗಾಗಿ ತೆಗೆಯುವುದು, ತಿದ್ದುವುದು ಎಲ್ಲ ಸ್ಟೆಮ್ ಕಡೆಯೇ.

ಒಳಗೆ ಸಿಕ್ಕಿದ ತುಂಡನ್ನು ಡ್ರಿಲ್ ಹಾಕಿ ಪುಡಿ ಮಾಡಲು ಹೋಗಬೇಡಿ. ಪೈಪನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಸ್ಟೆಮ್ಮಿನ ಎಬೋನೈಟ್, ಅಂದರೆ ಗಂಧಕ ಬೆರೆತ ಗಟ್ಟಿ ರಬ್ಬರ್, ಮರಕ್ಕಿಂತ ಹೆಚ್ಚು ಕುಗ್ಗುತ್ತೆ. ಆಮೇಲೆ ತುಂಡಿನ ಹೊಗೆ ತೂತಿಗೆ ಸಣ್ಣ ಸ್ಕ್ರೂವನ್ನು ಕೈಯಲ್ಲೇ ಎರಡು ಮೂರು ಸುತ್ತು ತಿರುಗಿಸಿ ನೇರವಾಗಿ ಎಳೆಯಿರಿ. ಇನ್ನೂ ಒಳಕ್ಕೆ ಓಡಿಸಿದರೆ ತುಂಡು ಅಗಲವಾಗಿ ಮರವನ್ನೇ ಸೀಳುತ್ತೆ. ಟಾರು ಹಿಡಿದು ಬಾರದಿದ್ದರೆ ನಾಲ್ಕು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ರಾತ್ರಿ ಬಿಡಿ. ಒದ್ದೆ ಮರದಲ್ಲಿ ಅಳತೆ ತಪ್ಪುತ್ತೆ, ಒಂದು ದಿನ ಒಣಗಿದ ಮೇಲೇ ವರ್ನಿಯರ್ ಹಿಡಿಯಿರಿ.

ಹೊಸ ಟೆನನ್ನಿಗೆ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ಒಳ್ಳೆಯದು. ಮರದ ತೂತು 8 ಮಿ.ಮೀ. ಇದ್ದರೆ 8.2ಕ್ಕೆ ಕಡೆದು, 600 ನಂಬರಿನ ಎಮರಿ ಕಾಗದದಲ್ಲಿ ಉಜ್ಜುತ್ತಾ, ನಡುನಡುವೆ ಕೂರಿಸಿ ನೋಡುತ್ತಾ ಇಳಿಸಬೇಕು. ಕೈಯಲ್ಲಿ ತಿರುವಿದರೆ ಹೋಗಬೇಕು, ಅಲುಗಾಡಬಾರದು. ಮರದೊಳಗೆ ಹೋಗುವ ಭಾಗದ ಉದ್ದವು ತೂತಿನ ಆಳಕ್ಕಿಂತ ಅರ್ಧ ಮಿ.ಮೀ. ಕಡಿಮೆ ಇರಲಿ, ಇಲ್ಲದಿದ್ದರೆ ಕೀಲಿನಲ್ಲಿ ಸಂದಿ ಕಾಣುತ್ತೆ.

ಸ್ಟೆಮ್ಮಿನ ಮುರಿದ ಮುಖವನ್ನು ಗಾಜಿನ ಮೇಲೆ ಎಮರಿ ಹಾಸಿ ಚಪ್ಪಟೆ ಮಾಡಿ. ಮುಂದಿನದೇ ನಾಜೂಕು: ತೂತು ಅಗಲಿಸುವುದು. 4, 5, 6 ಮಿ.ಮೀ. ಬಿಟ್‌ಗಳನ್ನು ಒಂದಾದ ಮೇಲೊಂದು, ನಿಧಾನಕ್ಕೆ, 12 ಮಿ.ಮೀ. ಆಳಕ್ಕೆ ಬಿಡಬೇಕು. ಒಮ್ಮೆಗೇ 6 ಹಾಕಿದರೆ ಬಿಟ್ ಓರೆ ಹಿಡಿಯುತ್ತೆ. ಗಂಧಕದ ವಾಸನೆ ಬಂದರೆ ಎಬೋನೈಟ್ ಕಾಯುತ್ತಿದೆ ಅಂತ. ನಿಲ್ಲಿಸಿ ಆರಲು ಬಿಡಿ. ಬಾಗಿದ ಸ್ಟೆಮ್ ಆದರೆ ಮೊದಲು ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ನೆಟ್ಟಗೆ ಮಾಡಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಬಾಗಿಸಿ.

ಡೆಲ್ರಿನ್ನಿಗೆ ಅಂಟು ಸರಿಯಾಗಿ ಹಿಡಿಯಲ್ಲ. ಸ್ಟೆಮ್ಮಿನೊಳಗೆ ಹೋಗುವ ಭಾಗವನ್ನು 5.9ಕ್ಕೆ ಕಡೆದು, ಸುತ್ತ ಕಚ್ಚು ಕೊರೆದು, ಒರಟು ಮಾಡಿ ಎಪಾಕ್ಸಿ ಅಂಟು ಹಚ್ಚಿ. ಫೆವಿಕ್ವಿಕ್ ಬೇಡ, ನೇರ ಮಾಡಲು ಸಮಯವೇ ಕೊಡಲ್ಲ. ಹೊಗೆ ದಾರಿ ಮುಚ್ಚದಂತೆ ವ್ಯಾಸಲೀನ್ ಸವರಿದ ಪೈಪ್ ಕ್ಲೀನರ್ (ನೂಲು ಸುತ್ತಿದ ತಂತಿ) ಒಳಗಿರಲಿ. ಎಪಾಕ್ಸಿ ಹಸಿ ಇರುವಾಗಲೇ ಸ್ಟೆಮ್ಮನ್ನು ಪೈಪಿಗೆ ಕೂರಿಸಿ, ಮೇಲಿಂದಲೂ ಪಕ್ಕದಿಂದಲೂ ನೋಡಿ ನೇರ ಮಾಡಿ. ಹೊರಗೆ ಉಕ್ಕಿದ್ದನ್ನು ತಕ್ಷಣ ಒರೆಸಿ. 24 ಗಂಟೆ ಮುಟ್ಟಬೇಡಿ.

ಪಾಲಿಶ್ ಮಾಡುವಾಗ ಸ್ಟೆಮ್ ಪೈಪಿನಲ್ಲೇ ಇರಲಿ, ಬಿಚ್ಚಿ ಉಜ್ಜಿದರೆ ಕೀಲಿನ ಅಂಚು ದುಂಡಾಗುತ್ತೆ. ಮುದ್ರೆಯ ಮೇಲೆ ಎರಡು ಪದರ ಟೇಪ್ ಸುತ್ತಿಕೊಂಡೇ ಎಮರಿ ಕೈಗೆತ್ತಿಕೊಳ್ಳಿ.