ಎಲ್ಲರದೂ ಒಂದೇ ನಂಬರ್

2013ರ ಜುಲೈ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ನಮ್ಮ ಬಳಗದ ಹಿರಿಯ ಗೆಳೆಯ. ಅವನ ದನಿಗಿಂತ ಆಸ್ಪತ್ರೆಯ ಕಾರಿಡಾರಿನ ಗದ್ದಲವೇ ಜೋರಾಗಿ ಕೇಳುತ್ತಿತ್ತು.

“ಓ ನೆಗೆಟಿವ್ ಬೇಕಾಗೈತಿ, ಹೆರಿಗೆ ಆದ ಹೆಣ್ಮಗಳಿಗೆ. ನಿನ್ನ ಪಟ್ಟಿ ತೆಗೆದೆ, ಮೂರು ಜನ ಅದಾರೆ. ಆದ್ರೆ ಮೂವರದ್ದೂ ಒಂದೇ ನಂಬರ್ ಐತಲ್ಲೋ?”

ಒಂದೇ ಮನೆಯವರಿರಬೇಕು ಎಂದೆ.

“ಯಾವ ಮನೇನೋ? ಒಬ್ಬ ಹರಿಹರ, ಒಬ್ಬ ಹೊನ್ನಾಳಿ. ನಂಬರ್ ಎರಡರಿಂದ ಶುರುವಾಗೈತಿ. ಹಂಗೆ ಯಾವ ಮೊಬೈಲ್ ಇರ್ತದೆ?”

ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯಲ್ಲಿ 409 ಜನರಿದ್ದರು. 409 ಜನರ ಫೋನ್ ನಂಬರಿನ ಜಾಗದಲ್ಲೂ 2147483647. ಕೆಳಗೆ ಜಾರಿಸಿದಷ್ಟೂ ಅದೇ. ಇನ್ನೊಂದು ಕಾಲಂ ನೋಡಿದಾಗ ಕೈಕಾಲು ತಣ್ಣಗಾಯಿತು. ಕನ್ನಡದಲ್ಲಿ ಹೆಸರು ಬರೆದವರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು.

ದಾವಣಗೆರೆಯ ಆಸ್ಪತ್ರೆಗಳಿಗೆ ಜಗಳೂರು, ಹರಪನಹಳ್ಳಿ, ಚನ್ನಗಿರಿ, ಆಚೆ ಚಿತ್ರದುರ್ಗದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಜೊತೆಗೆ ಬಂದವರಿಗೆ ಇಲ್ಲಿ ಗುರುತಿನವರು ಇರುವುದಿಲ್ಲ. ರಕ್ತ ಬೇಕು ಎಂದು ಚೀಟಿ ಬರೆದುಕೊಟ್ಟರೆ ಅದನ್ನು ಹಿಡಿದು ಯಾರ ಹತ್ತಿರ ಹೋಗಬೇಕು? ಇದನ್ನು ಕಣ್ಣಾರೆ ಕಂಡೇ ನಾವು ಏಳೆಂಟು ಜನ ರಕ್ತದಾನಿಗಳ ಪಟ್ಟಿ ಮಾಡಲು ಹೊರಟಿದ್ದು. ನಾನು ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದೆ. ವೆಬ್‌ಪುಟ ಕಟ್ಟುವ ಪಿಎಚ್‌ಪಿ ಭಾಷೆ, ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್ ಅಷ್ಟಿಷ್ಟು ಬರುತ್ತಿತ್ತು. ಒಂದು ವಾರದಲ್ಲಿ ಫಾರ್ಮ್ ಮಾಡಿಕೊಟ್ಟೆ. ಹೆಸರು, ಊರು, ತಾಲೂಕು, ವಯಸ್ಸು, ರಕ್ತದ ಗುಂಪು, ಫೋನ್. ಜಯದೇವ ವೃತ್ತದ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತ ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ತುಂಬಿ ನೋಡಿ, ಚೆನ್ನಾಗಿದೆ ಎಂದಿದ್ದರು. ಆರು ವಾರದಲ್ಲಿ ನಾನೂರು ದಾಟಿತ್ತು.

ಆ ಬೆಳಿಗ್ಗೆ ಪಟ್ಟಿ ಕೈಕೊಟ್ಟರೂ ಗೆಳೆಯ ಸುಮ್ಮನೆ ಕೂರಲಿಲ್ಲ. ಮೂವರಲ್ಲಿ ಒಬ್ಬನ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದುದರಿಂದ ಉಳಿದುಕೊಂಡಿತ್ತು. ಹದಡಿ ರಸ್ತೆಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಹುಡುಗನಿರಬೇಕು ಎಂದು ಊಹಿಸಿ ಬೈಕ್ ಹತ್ತಿ ಅವನ ಮನೆ ಹುಡುಕಿಕೊಂಡು ಹೋದ. ಹುಡುಗ ಮುಖ ತೊಳೆದುಕೊಂಡು ಹಾಗೆಯೇ ಹಿಂದೆ ಕೂತು ಬಂದ. ಒಂಬತ್ತರ ಹೊತ್ತಿಗೆ ರಕ್ತ ಸಿಕ್ಕಿತು, ತಾಯಿ ಉಳಿದಳು. ಆ ಎರಡು ಗಂಟೆ ನಾನು ಹೇಗೆ ಕಳೆದೆ ಎಂದು ಬರೆಯಲು ಇವತ್ತಿಗೂ ಆಗುವುದಿಲ್ಲ.

ಮಧ್ಯಾಹ್ನ ವಿದ್ಯಾನಗರದಲ್ಲಿದ್ದ ನಮ್ಮ ಮೇಷ್ಟ್ರ ಮನೆಗೆ ಹೋದೆ. ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಮಾಡಿದವರು. ಕರೆಂಟ್ ಇರಲಿಲ್ಲ, ಬ್ಯಾಟರಿಯಲ್ಲಿ ಇನ್ನೊಂದು ಗಂಟೆ ಉಳಿದಿತ್ತು. ಅವರು ಆ ಸಂಖ್ಯೆಯನ್ನು ನೋಡಿದ ತಕ್ಷಣ ಕೋಷ್ಟಕ ಹೇಗೆ ಕಟ್ಟಿದ್ದೀಯ ತೋರಿಸು ಎಂದರು. ಫೋನ್ ಕಾಲಂಗೆ ನಾನು ಇಂಟ್ ಎಂದು ಬರೆದು ಆವರಣದಲ್ಲಿ 10 ಎಂದು ಹಾಕಿದ್ದೆ. ಹತ್ತು ಅಂಕಿ ಹಿಡಿಸಲಿ ಎಂದು.

“ಈ ಹತ್ತು ಅಂದ್ರೆ ತೋರಿಸುವಾಗಿನ ಅಗಲ ಅಷ್ಟೇನಪ್ಪ. ಎಷ್ಟು ಹಿಡಿಸುತ್ತೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದರು. ಇಂಟ್ ಎಂದರೆ ಪೂರ್ಣಾಂಕ ಇಡುವ 32 ಬಿಟ್, ಅಂದರೆ 0 ಇಲ್ಲವೇ 1 ಹಿಡಿಸುವ 32 ಮನೆ. ಒಂದು ಬಿಟ್ ಕೂಡು-ಕಳೆ ಚಿಹ್ನೆಗೆ ಹೋದರೆ ಉಳಿದ 31ರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 2147483647. ಆಗ ನಮ್ಮ ಮೊಬೈಲ್ ನಂಬರುಗಳೆಲ್ಲ ಏಳು, ಎಂಟು, ಒಂಬತ್ತರಿಂದ ಶುರುವಾಗುತ್ತಿದ್ದವು. ಒಂದೂ ಅದರೊಳಗೆ ಹಿಡಿಸುವುದಿಲ್ಲ. ಹಿಡಿಸದಿದ್ದಾಗ ಆಗಿನ ಮೈಎಸ್‌ಕ್ಯೂಎಲ್ ಏನು ಮಾಡುತ್ತಿತ್ತೆಂದರೆ, ತನಗೆ ಹಿಡಿಸುವ ಕೊನೆಯ ಸಂಖ್ಯೆಯನ್ನು ಬರೆದುಕೊಂಡು, ಒಂದು ಎಚ್ಚರಿಕೆಯನ್ನು ಬದಿಗಿಟ್ಟು, ಆಯಿತು ಎಂದುಬಿಡುತ್ತಿತ್ತು. ಆ ಎಚ್ಚರಿಕೆಯನ್ನು ಕೇಳಿ ಪಡೆಯದಿದ್ದರೆ ಕಾಣುತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಅತ್ತ ದಾನಿಗೆ ನನ್ನ ಪುಟ ಧನ್ಯವಾದ ಹೇಳಿ ಕಳಿಸುತ್ತಿತ್ತು.

ಹಾಗಾದರೆ ಪರೀಕ್ಷೆ ಮಾಡುವಾಗ ಯಾಕೆ ಗೊತ್ತಾಗಲಿಲ್ಲ? ಮೇಷ್ಟ್ರು ಕೇಳಿದಾಗ ಉತ್ತರ ನನ್ನ ಬೆರಳಲ್ಲೇ ಇತ್ತು. ಪ್ರತಿ ಸಲ ಪರೀಕ್ಷೆಗೆಂದು ನಾನು ಒತ್ತುತ್ತಿದ್ದುದು 1234567890. ಅದು ಆ ಮಿತಿಗಿಂತ ಚಿಕ್ಕದು, ಸಲೀಸಾಗಿ ಒಳಗೆ ಹೋಗಿ ಹಾಗೆಯೇ ಹೊರಗೆ ಬರುತ್ತಿತ್ತು. ಹೆಸರಿಗೆ ‘ಟೆಸ್ಟ್’ ಎಂದು ಇಂಗ್ಲಿಷಿನಲ್ಲಿ ಒತ್ತುತ್ತಿದ್ದೆ. ಗೆಳೆಯರು ತುಂಬಿದ್ದನ್ನಂತೂ ಎಣಿಸಿದ್ದೆನೇ ಹೊರತು ತೆರೆದು ಓದಿರಲಿಲ್ಲ. ದಾವಣಗೆರೆಯ ಜನ ಬರೆಯುವ ಹೆಸರನ್ನು, ಅವರ ನಿಜವಾದ ನಂಬರನ್ನು ಒಂದೇ ಒಂದು ಸಲ ಒಳಗೆ ಹಾಕಿ ಹೊರಗೆ ತೆಗೆದು ನೋಡಿದ್ದರೆ ಸಾಕಿತ್ತು.

“ಫೋನ್ ನಂಬರನ್ನ ಯಾವತ್ತಾದರೂ ಕೂಡಿದ್ದೀಯಾ? ಕಳೆದಿದ್ದೀಯಾ?” ಎಂದರು ಮೇಷ್ಟ್ರು. ಇಲ್ಲ ಎಂದೆ. “ಮತ್ತೆ ಅದು ಸಂಖ್ಯೆ ಹೇಗಾಯ್ತು? ಅಂಕಿಗಳಲ್ಲಿ ಬರೆದ ಹೆಸರು ಅದು. 577001 ಅನ್ನೋ ಪಿನ್‌ಕೋಡನ್ನೂ ಯಾರೂ ಕೂಡೋದಿಲ್ಲ. ಇಲ್ಲಿನ ಎಸ್‌ಟಿಡಿ ಕೋಡ್ 08192. ಅದನ್ನ ಸಂಖ್ಯೆಯಾಗಿ ಇಟ್ಟರೆ ಮೊದಲನೇ ಸೊನ್ನೆನೇ ಹಾರಿ ಹೋಗುತ್ತೆ.” ಅಂದಿನಿಂದ ಫೋನ್ ನಂಬರನ್ನು ಪಠ್ಯದ ಕಾಲಂನಲ್ಲಿ, ವಾರ್‌ಕ್ಯಾರ್‌ನಲ್ಲಿ ಇಡುತ್ತಿದ್ದೇನೆ. ಯಾರಾದರೂ ಹೊಸಬರು ಕೇಳಿದರೆ ಮೇಷ್ಟ್ರ ಅದೇ ಪ್ರಶ್ನೆಯನ್ನು ಕೇಳುತ್ತೇನೆ.

ಪ್ರಶ್ನೆ ಚಿಹ್ನೆಗಳದ್ದು ಬೇರೆ ಕಥೆ. ಕೋಷ್ಟಕ ಕಟ್ಟುವಾಗ ಅಕ್ಷರಗಳ ಬಗ್ಗೆ ನಾನು ಏನೂ ಹೇಳಿರಲಿಲ್ಲ. ಹೇಳದಿದ್ದರೆ ಆಗ ಮೈಎಸ್‌ಕ್ಯೂಎಲ್ ತಾನಾಗಿ ತೆಗೆದುಕೊಳ್ಳುತ್ತಿದ್ದುದು ಲ್ಯಾಟಿನ್-1, ಪಶ್ಚಿಮ ಯುರೋಪಿನ ಭಾಷೆಗಳಿಗೆ ಹೊಲಿಸಿದ ಅಂಗಿ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಫಾರ್ಮಿನಿಂದ ಬಂದ ಕನ್ನಡ, ಎಲ್ಲ ಭಾಷೆಗಳ ಅಕ್ಷರಕ್ಕೂ ಜಾಗವಿರುವ ಯುಟಿಎಫ್-8 ಸಂಕೇತದಲ್ಲಿ ಸರಿಯಾಗಿಯೇ ಬರುತ್ತಿತ್ತು. ಹೊಸ್ತಿಲಲ್ಲಿ ಒಂದೊಂದು ಅಕ್ಷರವೂ ಒಂದೊಂದು ಪ್ರಶ್ನೆ ಚಿಹ್ನೆಯಾಗಿ ಒಳಗೆ ಹೋಗುತ್ತಿತ್ತು. ಮ, ಸೊನ್ನೆ, ಜ, ಕೊಂಬು, ನ, ದೀರ್ಘ, ಥ. ಮಂಜುನಾಥ ಎಂದು ಬರೆದವರು ಏಳು ಪ್ರಶ್ನೆ ಚಿಹ್ನೆಗಳಾಗಿದ್ದರು. ಪ್ರಶ್ನೆ ಚಿಹ್ನೆಯನ್ನು ಮತ್ತೆ ಅಕ್ಷರ ಮಾಡುವ ದಾರಿ ಇಲ್ಲ. ಒಳಗೆ ಇರುವುದೇ ಅದು.

ಹತಾಶನಾಗಿ ಕೂತಿದ್ದಾಗ ಮೇಷ್ಟ್ರು ಫಾರ್ಮ್ ಯಾವ ಮೆಥಡ್‌ನಲ್ಲಿ ಕಳಿಸುತ್ತೆ ಎಂದು ಕೇಳಿದರು. ಮೆಥಡ್ ಬರೆಯುವುದನ್ನೇ ನಾನು ಮರೆತಿದ್ದೆ. ಬರೆಯದಿದ್ದರೆ ಅದು ಗೆಟ್. ಅಂದರೆ ತುಂಬಿದ ವಿವರವೆಲ್ಲ ಬ್ರೌಸರಿನ ಮೇಲ್ಗಡೆಯ ವೆಬ್ ವಿಳಾಸದಲ್ಲೇ ಬಟಾಬಯಲಾಗಿ ಹೋಗುತ್ತದೆ, ಸರ್ವರಿನ ಲಾಗ್‌ನಲ್ಲೂ ಸಾಲು ಸಾಲಾಗಿ ದಾಖಲಾಗುತ್ತದೆ. ಜನರ ಫೋನ್ ನಂಬರ್ ಇರುವ ಫಾರ್ಮನ್ನು ಹಾಗೆ ಕಳಿಸುವುದು ತಪ್ಪು, ದೊಡ್ಡ ತಪ್ಪು. ಅಂದು ನಮ್ಮನ್ನು ಉಳಿಸಿದ್ದು ಅದೇ.

ಹೋಸ್ಟಿಂಗ್‌ನವರು ಹಿಂದಿನ ಒಂದು ತಿಂಗಳ ಲಾಗ್ ಇಟ್ಟಿದ್ದರು. ರಾತ್ರಿ ಕರೆಂಟ್ ಬಂದ ಮೇಲೆ ಅದನ್ನು ಇಳಿಸಿಕೊಂಡೆ. ‘ರ’ ಎಂಬ ಒಂದು ಅಕ್ಷರ ಅಲ್ಲಿ ಇ0, ಬಿ2, ಬಿ0 ಎಂಬ ಮೂರು ಜೋಡಿಯಾಗಿ ನಿಂತಿತ್ತು, ಪ್ರತಿ ಜೋಡಿಯ ಹಿಂದೊಂದು ಶೇಕಡಾ ಗುರುತು. ಓದಲು ಬಾರದಷ್ಟು ಕುರೂಪ. ಆದರೆ ಒಂದು ಬೈಟೂ ಕಳೆದಿರಲಿಲ್ಲ. ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿದೆ. ಪರದೆಯ ಮೇಲೆ ಮೊದಲ ಕನ್ನಡ ಹೆಸರು ಇಡಿಯಾಗಿ ಮೂಡಿದಾಗ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಬೆಳಗಿನ ಜಾವ ಇನ್ನೊಂದು ಪೆಟ್ಟು. ಹೊಸ ಪಟ್ಟಿಯಲ್ಲಿ ನೆಗೆಟಿವ್ ಗುಂಪಿನವರಿಗೆಲ್ಲ ಕಳೆ ಚಿಹ್ನೆ ಇದೆ, ಪಾಸಿಟಿವ್‌ನವರಿಗೆ ಮಾತ್ರ ಅಕ್ಷರದ ಮುಂದೆ ಖಾಲಿ. ವಿಳಾಸದಲ್ಲಿ ಬರಿಯ ಕೂಡು ಚಿಹ್ನೆಗೆ ಖಾಲಿ ಜಾಗ ಎಂದು ಅರ್ಥ. ನಿಜವಾದ ಕೂಡು ಚಿಹ್ನೆ ಬೇರೆ ಸಂಕೇತದಲ್ಲಿ ಹೋಗಿರುತ್ತದೆ. ನನ್ನ ಸ್ಕ್ರಿಪ್ಟ್ ಒಮ್ಮೆ ಬಿಡಿಸಿದ್ದನ್ನು ಮತ್ತೊಮ್ಮೆ ಬಿಡಿಸಿತ್ತು. ಮೊದಲ ಸಲ ಸಂಕೇತ ಹೋಗಿ ಕೂಡು ಚಿಹ್ನೆ ಬಂದಿತ್ತು, ಎರಡನೇ ಸಲ ಅದೂ ಅಳಿಸಿ ಖಾಲಿಯಾಗಿತ್ತು. ರಕ್ತದ ಗುಂಪಿನ ವಿಷಯದಲ್ಲಿ ಇಂಥದ್ದು. ಆ ಹೊತ್ತಿಗೆ ನಿದ್ದೆ ಪೂರ್ತಿ ಬಿಟ್ಟುಹೋಯಿತು. ಪ್ರತಿ ಸಾಲನ್ನೂ ಲಾಗ್‌ನ ಪಕ್ಕ ಇಟ್ಟು ಕಣ್ಣಿನಿಂದ ಓದಿ ಮುಗಿಸಿದೆ. ಕೆಲವರು ಓ ಅಕ್ಷರದ ಬದಲು ಸೊನ್ನೆ ಒತ್ತಿದ್ದರು. ನಾನು ಆ ಜಾಗದಲ್ಲಿ ಎಂಟು ಗುಂಪುಗಳ ಆಯ್ಕೆ ಕೊಡದೆ ಖಾಲಿ ಡಬ್ಬ ಕೊಟ್ಟಿದ್ದೆ.

ಲಾಗ್ ಇನ್ನೂ ಒಂದು ವಿಷಯ ಹೇಳಿತು. ಆ ಒಂದು ತಿಂಗಳಲ್ಲಿ 381 ಜನ ತುಂಬಿದ್ದರು, ಕೋಷ್ಟಕದಲ್ಲಿ ಆ ದಿನಗಳ 378 ಸಾಲು. ಉಳಿದ ಮೂವರು ಎಲ್ಲಿ? ಮೂವರ ಹೆಸರಲ್ಲೂ ಡಿ’ಸೋಜಾ ಎಂದು ಬರೆಯುವಾಗ ಬರುವಂಥ ಒಂಟಿ ಉದ್ಧರಣ ಚಿಹ್ನೆ ಇತ್ತು. ಬಂದ ಹೆಸರನ್ನು ನಾನು ನೇರ ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಯ ಮಧ್ಯೆ ಅಂಟಿಸುತ್ತಿದ್ದೆ. ಆ ಚಿಹ್ನೆ ಬಂದಲ್ಲಿ ಹೆಸರು ಮುಗಿಯಿತೆಂದು ಡೇಟಾಬೇಸ್ ತಿಳಿಯಿತು, ಮುಂದಿನದ್ದು ಅದಕ್ಕೆ ಅರ್ಥವಾಗದೆ ಕ್ವೆರಿ ಮುರಿಯಿತು. ಒಬ್ಬರ ಹೆಸರನ್ನೇ ತಾಳದ ಆ ಬಿರುಕಿನಿಂದ ಕೆಟ್ಟ ಉದ್ದೇಶದವನೊಬ್ಬ ತನ್ನದೇ ಕ್ವೆರಿ ತೂರಿಸಿ ಎಲ್ಲ ದಾನಿಗಳ ವಿವರ ಎಳೆದುಕೊಳ್ಳಬಹುದಿತ್ತು. ಅದೇ ವಾರ ಎಲ್ಲವನ್ನೂ ಪಿಎಚ್‌ಪಿಯಿಂದ ಡೇಟಾಬೇಸ್ ಮುಟ್ಟುವ ಪಿಡಿಒ ಎಂಬ ಸಾಧನಕ್ಕೆ ಬದಲಿಸಿ, ಕ್ವೆರಿಯನ್ನು ಮೊದಲೇ ಸಿದ್ಧಪಡಿಸಿ ಮೌಲ್ಯಗಳನ್ನು ಬೇರೆಯಾಗಿ ಕಳಿಸುವಂತೆ ಮಾಡಿದೆ. ಹೀಗೆ ಕಳಿಸಿದರೆ ಹೆಸರಿನಲ್ಲಿ ಏನೇ ಇರಲಿ, ಅದು ಹೆಸರಾಗಿಯೇ ಉಳಿಯುತ್ತದೆ.

ತಪಾಸಣೆಯನ್ನು ನಾನು ಬ್ರೌಸರಿನಲ್ಲಿ ಮಾತ್ರ ಇಟ್ಟಿದ್ದೆ, ಜಾವಾಸ್ಕ್ರಿಪ್ಟಿನಲ್ಲಿ. ಹತ್ತು ಅಂಕಿ ಇಲ್ಲದಿದ್ದರೆ ಫಾರ್ಮ್ ಹೋಗಬಾರದು. ಆದರೂ ಲಾಗ್‌ನಲ್ಲಿ ಹನ್ನೊಂದು, ಹನ್ನೆರಡು ಅಂಕಿಯ ನಂಬರುಗಳಿದ್ದವು. ಹಳೆಯ ಮೊಬೈಲುಗಳಲ್ಲಿ ಸ್ಕ್ರಿಪ್ಟ್ ಓಡಿಯೇ ಇರಲಿಲ್ಲ. ಬ್ರೌಸರಿನ ತಪಾಸಣೆ ತುಂಬುವವರ ಅನುಕೂಲಕ್ಕೆ, ತಪ್ಪನ್ನು ಅಲ್ಲೇ ತೋರಿಸಲಿಕ್ಕೆ. ಕಾವಲು ಸರ್ವರಿನಲ್ಲೇ ಇರಬೇಕು, ಡೇಟಾಬೇಸಿನಲ್ಲೂ ಇರಬೇಕು. ಸ್ಟ್ರಿಕ್ಟ್ ಮೋಡ್ ಹಾಕಿದ ಮೇಲೆ ನನ್ನ ಮೈಎಸ್‌ಕ್ಯೂಎಲ್ ಹಿಡಿಸದ್ದನ್ನು ಕತ್ತರಿಸದೆ, ಆಗುವುದಿಲ್ಲ ಎಂದು ಕೂಗತೊಡಗಿತು. 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಅದೇ ಮೂಲ ನಡವಳಿಕೆಯಾಯಿತು. 2018ರ 8.0ಯಿಂದ ಯುಟಿಎಫ್-8 ಕೂಡ. ಈಗಿನವರಿಗೆ ಈ ಎರಡು ಹಳ್ಳಗಳು ಮುಚ್ಚಿವೆ, ಒಳ್ಳೆಯದಾಯಿತು.

ವಯಸ್ಸಿನ ಕಾಲಂ ತೆಗೆದು ಹುಟ್ಟಿದ ದಿನ ಇಟ್ಟೆ. ಊರುಗಳನ್ನು ಬೇರೆ ಕೋಷ್ಟಕಕ್ಕೆ ಸಾಗಿಸಿದೆ. ದಾವಣಗೆರೆಯನ್ನೇ ಜನ ನಾಲ್ಕೈದು ರೀತಿ ಬರೆದಿದ್ದರು. ತಾಲೂಕು-ಜಿಲ್ಲೆಯ ಜೋಡಿಯನ್ನು ಒಂದೇ ಕಡೆ ಬರೆದಿಟ್ಟದ್ದು ಮುಂದೆ ಎಷ್ಟು ಉಪಯೋಗಕ್ಕೆ ಬಂತೆಂದರೆ, 1997ರಲ್ಲಿ ನಮ್ಮ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ. ಎರಡು ಸಲವೂ ನಾನು ತಿದ್ದಿದ್ದು ಒಂದೇ ಸಾಲು.

ಲಾಗ್‌ಗಿಂತ ಮೊದಲಿನ 31 ಜನ ಉಳಿದಿದ್ದರು. ಇಪ್ಪತ್ತೇಳು ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದವು, ಹೆಚ್ಚಿನವರು ಬಳಗದವರ ಪರಿಚಯದವರೇ. ನಾಲ್ಕು ದಿನದಲ್ಲಿ ಎಲ್ಲರನ್ನೂ ಕಂಡು ನಂಬರ್ ಬರೆದುಕೊಂಡೆವು. ಪ್ರಶ್ನೆ ಚಿಹ್ನೆಯ ನಾಲ್ವರಲ್ಲಿ ಮೂವರು ಪಟ್ಟಿ ಕಳೆದುಹೋದ ಸುದ್ದಿ ಕೇಳಿ ತಾವೇ ಬಂದರು. ಕೊನೆಗೆ ಒಂದೇ ಸಾಲು. ಹೆಸರು ಹನ್ನೆರಡು ಪ್ರಶ್ನೆ ಚಿಹ್ನೆ. ಊರು ಎಂಟು ಪ್ರಶ್ನೆ ಚಿಹ್ನೆ. ತಾಲೂಕು ಮಾತ್ರ ಇಂಗ್ಲಿಷಿನಲ್ಲಿ, ಜಗಳೂರು. ವಯಸ್ಸು 41. ಎಬಿ ನೆಗೆಟಿವ್.

ಎಬಿ ನೆಗೆಟಿವ್ ಎಷ್ಟು ಅಪರೂಪ ಎಂದು ರಕ್ತದ ಪಟ್ಟಿ ಹಿಡಿದವರಿಗೆ ಗೊತ್ತು. ಬಿಡಲು ಮನಸ್ಸಾಗಲಿಲ್ಲ. ಜಗಳೂರು ತಾಲೂಕಿನ ಊರುಗಳನ್ನು ಬರೆದುಕೊಂಡು ಒಂದೊಂದರಲ್ಲೂ ಎಷ್ಟು ಚಿಹ್ನೆ ಎಂದು ಎಣಿಸಿದೆ. ಸೊಕ್ಕೆ ಆರು. ಅಣಬೂರು ಆರು. ಹೊಸಕೆರೆ ಏಳು. ಬಸವನಕೋಟೆ ಎಂಟು. ಬಿಳಿಚೋಡು ಎಂಟು. ಹೆಸರಿಗೆ ತಿಪ್ಪೇಸ್ವಾಮಿ ಎಂದು ಹಾಕಿ ನೋಡಿದೆ, ಸರಿಯಾಗಿ ಹನ್ನೆರಡು. ಆ ಸೀಮೆಯಲ್ಲಿ ಮನೆಗೊಬ್ಬರಂತೆ ಸಿಗುವ ಹೆಸರು ಅದು. ಬಸ್ ಹತ್ತಿ ಬಿಳಿಚೋಡಿನಲ್ಲಿ ಇಳಿದೆ.

ಚಹಾದಂಗಡಿಯಲ್ಲಿ ಕೇಳಿದೆ. ಆ ಹೆಸರಿನ ಮೂವರನ್ನು ತೋರಿಸಿದರು, ಮೂವರಿಗೂ ಪಟ್ಟಿಯ ಸುದ್ದಿಯೇ ಗೊತ್ತಿರಲಿಲ್ಲ. ವಾಪಸ್ ಹೊರಡುವಾಗ ಅಂಗಡಿಯವನು, “ರಕ್ತ ಕೊಡೋರಂದ್ರೆ ಮೇಲಿನ ಓಣಿಯ ಟೈಲರ್ ಇರಬೇಕು ನೋಡ್ರಿ, ಅವರ ಮಗಳು ದಾವಣಗೆರೆ ಕಾಲೇಜಿಗೆ ಹೋಗ್ತಾಳೆ” ಎಂದ. ಅವರೇ. ಫಾರ್ಮ್ ತುಂಬಿದ್ದು ಮಗಳು, ಕನ್ನಡದಲ್ಲಿ. ಅವರ ಹೆಸರು ಬೇರೆಯೇ ಇತ್ತು. ಹೊಸ್ತಿಲಲ್ಲಿ ನಿಂತೇ ಬೆರಳು ಮಡಚಿ ಎಣಿಸಿದೆ, ಹನ್ನೆರಡು.

ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಹೊಲಿಗೆ ಯಂತ್ರದ ಮೇಲಿದ್ದ ಸೀಮೆಸುಣ್ಣ ಬದಿಗಿಟ್ಟು, ನನ್ನ ನೋಟುಪುಸ್ತಕ ತೆಗೆದುಕೊಂಡು ನಿಧಾನವಾಗಿ ನಂಬರ್ ಬರೆದುಕೊಟ್ಟರು. ಹತ್ತೂ ಅಂಕಿ ಕನ್ನಡದಲ್ಲಿ, ಮೊದಲನೆಯದು ೯.

ರಾತ್ರಿ ಮನೆಗೆ ಬಂದು ಅದನ್ನು ಇದ್ದಂತೆಯೇ ಫಾರ್ಮಿನಲ್ಲಿ ಒತ್ತಿದೆ. ಹೊಸದಾಗಿ ಬರೆದ ತಪಾಸಣೆ ಇದು ನಂಬರೇ ಅಲ್ಲ ಎಂದಿತು. ಅದಕ್ಕೆ 0ಯಿಂದ 9 ಮಾತ್ರ ಗೊತ್ತಿತ್ತು, ೦ಯಿಂದ ೯ ಗೊತ್ತಿರಲಿಲ್ಲ. ಕನ್ನಡ ಅಂಕಿ ಬಂದರೆ ಮೊದಲು ಬದಲಿಸಿಕೊಂಡು ಆಮೇಲೆ ತಪಾಸಣೆ ಮಾಡುವಂತೆ ನಾಲ್ಕು ಸಾಲು ಸೇರಿಸಿದೆ. ಮತ್ತೆ ಒತ್ತಿದೆ, ಹೋಯಿತು. ಕೋಷ್ಟಕ ತೆರೆದು ನೋಡಿದೆ. ಹೆಸರು ಇತ್ತು, ಬಿಳಿಚೋಡು ಇತ್ತು, ನಂಬರ್ ಅವರದ್ದೇ ಇತ್ತು. ಹಳೆಯ ಲಾಗ್‌ಗಳನ್ನು ಸರ್ವರಿನಿಂದಲೂ ಲ್ಯಾಪ್‌ಟಾಪಿನಿಂದಲೂ ಅಳಿಸಿದೆ.

ಆಮೇಲೆ, ಹೊತ್ತಾಗಿದ್ದರೂ, ಪರದೆಯ ಮೇಲಿನ ನಂಬರನ್ನು ನೋಡಿಕೊಂಡೇ ಒಂದು ಕರೆ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ಹಿಂದೆ ಹೊಲಿಗೆ ಯಂತ್ರದ ಸದ್ದು ಇನ್ನೂ ನಡೆದಿತ್ತು.

“ಯಾರಿಗಾದ್ರೂ ಬೇಕಾಗೈತೇನಪ್ಪ? ಈಗ್ಲೇ ಬರ್ಲಾ?” ಎಂದರು.