ಆ ಟಗರು ಯಾರದು?

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದ್ದು ನಮ್ಮ ಚರ್ಚಿನ ವಾಚ್‌ಮನ್ ತಾತ. ಅವರು ಹೇಳಿ ಮರೆತೂಬಿಟ್ಟಿರಬೇಕು. ನನಗೆ ಮಾತ್ರ ಹಲ್ಲುಜ್ಜುವಾಗ, ಸಿಟಿ ಬಸ್ಸಿನಲ್ಲಿ, ರಾತ್ರಿ ಕರೆಂಟ್ ಹೋದಾಗ, ಅದೇ ಕೇಳಿಸುತ್ತದೆ.

ಯೂತ್ ಸಂಡೆ ಈ ತಿಂಗಳ ಕೊನೆಯ ಭಾನುವಾರ. ಅವತ್ತು ಆರಾಧನೆ ಪೂರ್ತಿ ನಮ್ಮ ಕೈಯಲ್ಲಿ. ವಾಕ್ಯ ಓದುವುದು, ಹಾಡು, ಕಾಣಿಕೆ ತಟ್ಟೆ ಹಿಡಿಯುವುದು, ಎಲ್ಲ ಯುವಜನರೇ. ಪ್ರಸಂಗದ, ಅಂದರೆ ಉಪದೇಶದ, ಜಾಗದಲ್ಲಿ 20 ನಿಮಿಷದ ನಾಟಕ. ಸೆಕೆಂಡ್ ಪಿಯು ಪರೀಕ್ಷೆ ಮುಗಿದ ಸಂಜೆಯೇ ಯೂತ್ ಸೆಕ್ರೆಟರಿ ಅಣ್ಣ ಫೋನ್ ಮಾಡಿ, ನಾಟಕ ನೀನೇ ಬರಿ ಅಂದ. ನನಗೆ ಖುಷಿಯೇ ಆಯ್ತು. ಕ್ರಿಸ್‌ಮಸ್‌ಗೂ ನಾನೇ ಬರೆದಿದ್ದೆ. ಅದನ್ನು ಬರೆದಿದ್ದು ಅನ್ನುವುದು ಜಾಸ್ತಿಯಾಯ್ತೇನೋ, ಮಗು ಯೇಸುವನ್ನು ನೋಡಲು ಬರುವ ಮೂವರು ಜೋಯಿಸರು ತಲೆಗೆ ಟರ್ಕಿ ಟವೆಲ್ ಸುತ್ತಿಕೊಂಡು ಬಂದು ಕಾಣಿಕೆ ಇಟ್ಟು ಹೋದರು, ಅಷ್ಟೇ. ಒಬ್ಬನ ಟವೆಲ್ ಬಿಚ್ಚಿಹೋಗಿದ್ದಕ್ಕೆ ಬಂದ ಚಪ್ಪಾಳೆ ನನ್ನ ಮಾತುಗಳಿಗೆ ಬರಲಿಲ್ಲ.

ಈ ಸಲ ಹಾಗಾಗಬಾರದು ಅಂತ ಬೈಬಲ್‌ನಲ್ಲಿ ಲೂಕನ 15ನೇ ಅಧ್ಯಾಯ ಹಿಡಿದುಕೊಂಡೆ. ತಪ್ಪಿಹೋದ ಮಗನ ಕಥೆ. ಎಲ್ಲರಿಗೂ ಗೊತ್ತಿರುವುದೇ. ಚಿಕ್ಕವನು ಅಪ್ಪ ಬದುಕಿರುವಾಗಲೇ ಪಾಲು ಕೇಳಿ, ದೂರದ ಊರಿಗೆ ಹೋಗಿ ಹಾಳು ಮಾಡಿ, ಹಂದಿ ಕಾಯುವ ಸ್ಥಿತಿಗೆ ಬಂದು ವಾಪಸ್ ಬರುತ್ತಾನೆ. ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ, ಕೊಬ್ಬಿದ ಕರು ಕೊಯ್ಸಿ ಹಬ್ಬ ಮಾಡುತ್ತಾನೆ. ಹೊಲದಿಂದ ಬಂದ ದೊಡ್ಡ ಮಗ ಸಿಟ್ಟಾಗಿ ಒಳಗೆ ಬರುವುದಿಲ್ಲ. ನಾನು ಅದನ್ನು ಪಾಂಡವಪುರದ ಕಡೆಗೆ ತಂದೆ. ಅಪ್ಪನಿಗೆ ನಾಲೆ ನೀರಿನ ಗದ್ದೆ, ಕಬ್ಬು, ಒಂದು ಸಣ್ಣ ಆಲೆಮನೆ. ಚಿಕ್ಕವನು ತನ್ನ ಪಾಲು ಮಾರಿ ಬೆಂಗಳೂರಿಗೆ ಹೋಗುತ್ತಾನೆ, ಬೈಕು, ಆನ್‌ಲೈನ್ ಆಟ, ಸಾಲ, ಕೊನೆಗೆ ಒಂದು ಪಿಜಿಯಲ್ಲಿ ತಟ್ಟೆ ತೊಳೆಯುತ್ತಾನೆ. ಬೈಬಲ್‌ನ ಕೊಬ್ಬಿದ ಕರು ಬೇಡ, ಕಾಲ ಸರಿಯಿಲ್ಲ, ಬೇರೇನಾದ್ರೂ ಹಾಕು ಅಂದ ಸೆಕ್ರೆಟರಿ ಅಣ್ಣ. ನಾನು ಬಂಡೂರು ಟಗರು ಹಾಕಿದೆ. ಮಳವಳ್ಳಿ ಕಡೆಯ ಗಿಡ್ಡ ಕಾಲಿನ, ಪೀಪಾಯಿ ಹಾಗಿರುವ ಟಗರು. ನಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಜನ ಮಂಡ್ಯ ಕಡೆಯವರು, ಟಗರು ಅಂದ ತಕ್ಷಣ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ ಅಂತ ಗೊತ್ತಿತ್ತು.

(ಮೈಸೂರಲ್ಲಿ ಚರ್ಚು ಅಂದ ಕೂಡಲೇ ಕಾಲೇಜಿನಲ್ಲಿ ಎಲ್ಲರೂ ‘ಫಿಲೋಮಿನಾ ಚರ್ಚಾ?’ ಅಂತಾರೆ. ಅಲ್ಲಪ್ಪಾ. ಅದು ಕ್ಯಾಥೊಲಿಕ್, 175 ಅಡಿಯ ಎರಡು ಗೋಪುರ, ಟೂರಿಸ್ಟ್ ಬಸ್ಸುಗಳು. ನಮ್ಮದು ಸಿಎಸ್‌ಐ, ಚರ್ಚ್ ಆಫ್ ಸೌತ್ ಇಂಡಿಯಾ. ದೇಶಕ್ಕೆ ಸ್ವಾತಂತ್ರ್ಯ ಬಂದ ಮುಂದಿನ ತಿಂಗಳು, 1947ರ ಸೆಪ್ಟೆಂಬರ್‌ನಲ್ಲಿ, ಆಂಗ್ಲಿಕನ್, ಮೆಥೊಡಿಸ್ಟ್ ಅಂತ ಬೇರೆಬೇರೆ ಇದ್ದವರೆಲ್ಲ ಸೇರಿ ಒಂದಾಗಿದ್ದು. ನಮ್ಮ ಚರ್ಚಿನ ಮುಂದೆ ಯಾರೂ ಸೆಲ್ಫಿ ತೆಗೆಯಲ್ಲ.)

ಸರಿ, ಭಾನುವಾರ. ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ರಿಹರ್ಸಲ್. ಟಗರು ನನ್ನ ತಮ್ಮ. ಕಂಬಳಿ ಹೊದ್ದು ನಾಲ್ಕು ಕಾಲಲ್ಲಿ ನಿಲ್ಲುವುದು, ಎರಡು ಸಲ ಬ್ಯಾ ಅನ್ನುವುದು, ಇಷ್ಟೇ ಅವನ ಪಾತ್ರ. ಅವನು ಆರು ಸಲ ಅಂದ. ಅಯ್ಯನವರು, ಅಂದರೆ ನಮ್ಮ ಪಾಸ್ಟರ್, ಮುಂದಿನ ಸಾಲಿನಲ್ಲಿ ಕಾಫಿ ಹಿಡಿದು ಕೂತಿದ್ದರು. ವಾಚ್‌ಮನ್ ತಾತ ಬೀಗದ ಕೈ ಹಿಡಿದುಕೊಂಡು ನಾವು ಯಾವಾಗ ಖಾಲಿ ಮಾಡ್ತೀವಿ ಅಂತ ಬಾಗಿಲಲ್ಲಿ ನಿಂತಿದ್ದರು. ಟಗರನ್ನು ಎಳೆದುಕೊಂಡು ಹೋಗುವ ದೃಶ್ಯ ಬಂತು. ಆಗ ತಾತ, ಯಾರಿಗೂ ಅಲ್ಲ ಎಂಬಂತೆ, ಕೇಳಿದರು.

“ಆ ಟಗರು ಯಾರ್ದವ್ವ?”

“ಅಪ್ಪಂದು ತಾತ” ಅಂದೆ.

“ಅದೆಂಗಾದದು? ಪಾಲಾಗೋಯ್ತಲ್ಲ. ಚಿಕ್ಕೋನು ಅವನ್ದ ತಕೊಂಡೋದ. ಉಳ್ದಿದ್ದೆಲ್ಲ ದೊಡ್ಡೋನ್ದೇ ಅಲ್ವಾ? ಟಗರೂ ಅವನ್ದೇ. ಅವನ್ನ ಒಂದ್ ಮಾತ್ ಕೇಳ್ದೆ ಕುಯ್ದ್‌ಬುಟ್ರಾ?”

ಹಾಲ್‌ನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಯ್ಯನವರು ಗಂಭೀರವಾಗಿ, “ತಂದೆ ಇರೋವರೆಗೂ ಅನುಭವಿಸೋ ಹಕ್ಕು ತಂದೆಯದೇ ಅಲ್ವೇನಪ್ಪಾ” ಅಂದರು.

“ಅಂಗಂತ ಪತ್ರದಲ್ಲಿ ಬರ್ದಿದ್ರಾ ಅಯ್ನೋರೆ?”

ಅಯ್ಯನವರು ಕಾಫಿ ಕುಡಿದರು. ನಮ್ಮ ಅಯ್ಯನವರ ಒಳ್ಳೆಯ ಗುಣ ಅಂದರೆ ಇದೇ, ಉತ್ತರ ಇಲ್ಲದಿದ್ದಾಗ ಕಾಫಿ ಕುಡೀತಾರೆ. ಸೆಕ್ರೆಟರಿ ಅಣ್ಣ ಹಾಗಲ್ಲ, “ತಾತ, ಇದು ಸಾಮ್ಯ, ನೀತಿ ಹೇಳೋ ಕಥೆ, ರಿಜಿಸ್ಟ್ರಾರ್ ಆಫೀಸಲ್ಲ” ಅಂದುಬಿಟ್ಟ. ನನಗೆ ಇಷ್ಟವಾಗಲಿಲ್ಲ. ತಾತ ಚಾವಿ ಗೊಂಚಲು ಅಲ್ಲಾಡಿಸಿ ಆಚೆ ಹೋದರು.

ಮನೆಗೆ ಬಂದು ಬೈಬಲ್ ತೆಗೆದೆ. 12ನೇ ವಚನ. ಅಪ್ಪ ಹಂಚಿಕೊಟ್ಟಿದ್ದು ಚಿಕ್ಕವನೊಬ್ಬನಿಗಲ್ಲ, ಇಬ್ಬರಿಗೂ. ಸಂಡೇ ಸ್ಕೂಲಿನಿಂದ ಕೇಳಿದ ಕಥೆ, ಒಂದು ಸಲವೂ ಗಮನಿಸಿರಲಿಲ್ಲ. ಬೈಬಲ್‌ನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 21ರ ಪ್ರಕಾರ ಹಿರಿಯ ಮಗನಿಗೆ ಎರಡರಷ್ಟು ಪಾಲು, ಅಂದರೆ ಇಬ್ಬರೇ ಮಕ್ಕಳಿದ್ದರೆ ಮೂರರಲ್ಲಿ ಎರಡು ಭಾಗ. ಕೊನೆಗೆ ಅಪ್ಪನೇ ಬಾಯಿಬಿಟ್ಟು ಹೇಳುತ್ತಾನೆ, ನನ್ನದೆಲ್ಲ ನಿನ್ನದೇ ಅಂತ. ಆದರೆ ಹಬ್ಬ ಶುರುವಾದಾಗ ದೊಡ್ಡವನು ಹೊಲದಲ್ಲಿದ್ದ. ವಾದ್ಯದ ಸದ್ದು ಕೇಳಿ, ಇದೇನು ಅಂತ ಆಳನ್ನು ಕೇಳಿ ತಿಳಿದುಕೊಂಡ. ತನ್ನ ಮನೆಯ ಊಟದ ವಿಷಯ ಆಳಿನಿಂದ! ಒಬ್ಬರೂ ಹೊಲಕ್ಕೆ ಹೋಗಿ ಕರೆದಿರಲಿಲ್ಲ. ನೆಂಟರನ್ನು ಕರೆದಿರ್ತಾರೆ, ವಾದ್ಯದವರನ್ನು ಕರೆದಿದ್ದಾರೆ. ಇವನನ್ನು ಬಿಟ್ಟು.

ಇಷ್ಟಕ್ಕೇ ತಲೆ ಕೆಡಿಸಿಕೊಳ್ತಿರಲಿಲ್ಲವೇನೋ. ಸೋಮವಾರ ಇನ್ನೊಂದಾಯ್ತು.

ನಮ್ಮ ಯೂತ್ ಕ್ಯಾಂಪ್ ಈ ಸಲ ಊಟಿಯಲ್ಲಿ, ಮೇ ಮೊದಲ ವಾರ, ನಾಲ್ಕು ದಿನ. ಜನವರಿಯಿಂದ ನಾನು ಅದನ್ನೇ ಕಾಯುತ್ತಿದ್ದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಾಗಾಗಿ ನಸುಕಿನಲ್ಲೇ ಹೊರಟು ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರಬೇಕು, ಊಟಿಗೆ ಇ-ಪಾಸ್ ಮೊದಲೇ ಮಾಡಿಸಬೇಕು, ಎಷ್ಟು ಜನ ವಾಂತಿ ಮಾಡ್ತಾರೋ ಅಷ್ಟು ಕವರ್ ಇಟ್ಟುಕೊಳ್ಳಬೇಕು. ಈ ಪಟ್ಟಿಯೆಲ್ಲ ಬರೆದುಕೊಟ್ಟವಳು ನಾನೇ. ಸೋಮವಾರ ಗ್ರೂಪಿನಲ್ಲಿ ಹೆಸರುಗಳು ಬಂದವು. ತಮ್ಮನ ಹೆಸರಿತ್ತು. ನನ್ನದಿರಲಿಲ್ಲ. ನನ್ನದು ಇನ್ನೊಂದು ಪಟ್ಟಿಯಲ್ಲಿತ್ತು. ವಿಬಿಎಸ್ ಟೀಚರ್ಸ್, ಬಿಗಿನರ್ಸ್ ಕ್ಲಾಸ್, ಮೇ 1ರಿಂದ ಹತ್ತು ದಿನ.

ವಿಬಿಎಸ್ ಗೊತ್ತಿಲ್ಲದವರಿಗೆ: ಬೇಸಿಗೆ ರಜೆಯ ಬೈಬಲ್ ಶಾಲೆ. ನಾಲ್ಕೈದು ವರ್ಷದ ನಲವತ್ತು ಮಕ್ಕಳು, ಆ್ಯಕ್ಷನ್ ಸಾಂಗ್, ಬಣ್ಣದ ಕಾಗದ, ಅಂಟು, ಅಳು, ಹನ್ನೊಂದು ಗಂಟೆಗೆ ಬಿಸ್ಕತ್ತು ಜ್ಯೂಸು. ನನಗೆ ಆ ಮಕ್ಕಳು ಇಷ್ಟ, ಸುಳ್ಳು ಹೇಳಲ್ಲ. ಹೋದ ವರ್ಷವೂ ಮಾಡಿದ್ದೆ, ಅದರ ಹಿಂದಿನ ವರ್ಷವೂ.

ವಿಬಿಎಸ್ ನೋಡಿಕೊಳ್ಳುವ ಆಂಟಿಗೆ ಫೋನ್ ಮಾಡಿದೆ. “ಆಂಟಿ, ನನ್ನನ್ನ ಕೇಳ್ಲೇ ಇಲ್ವಲ್ಲಾ?”

“ಕೇಳಿದ್ರೆ ಬರ್ತಿರ್ಲಿಲ್ವೇನಮ್ಮ?”

“ಬರ್ತಿದ್ದೆ.”

“ಮತ್ತಿನ್ನೇನು?”

ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಆಂಟಿ ಕೆಟ್ಟವರಲ್ಲ. ನನಗೆ ಟೈಫಾಯ್ಡ್ ಬಂದಾಗ ವಾರಗಟ್ಟಲೆ ಗಂಜಿ ಕಳಿಸಿದವರು ಅವರೇ. ಆದರೆ ಆ ‘ಮತ್ತಿನ್ನೇನು’ ಇದೆಯಲ್ಲ, ಅದನ್ನು ಕೇಳಿದಾಗ ಆ ದೊಡ್ಡ ಮಗ ಹೊಲದಿಂದ ಬಂದು ಒಳಗೆ ಹೋಗದೆ ಯಾಕೆ ನಿಂತ ಅಂತ ಗೊತ್ತಾಯ್ತು. ಊಟಿ ತಪ್ಪಿದ್ದಕ್ಕೆ ಅಳು ಬರಲಿಲ್ಲ, ಅದಕ್ಕೆ ಬಂತು. ಅಮ್ಮ ಹೇಳಿದಳು, “ನೀನು ಜವಾಬ್ದಾರಿಯವಳು ಅಂತ ತಾನೇ ಹಾಕಿರೋದು.” ಆರು ಸಲ ಬ್ಯಾ ಅಂದವನು ಊಟಿಗೆ ಹೋಗ್ತಾನೆ, ಅದನ್ನೂ ನೋಡಮ್ಮ ಅಂದೆ.

ಆ ಸಿಟ್ಟಿನಲ್ಲೇ ನಾಟಕ ತಿದ್ದಲು ಕೂತೆ. ದೊಡ್ಡವನಿಗೆ ಒಳ್ಳೆಯ ಮಾತು ಕೊಡಬೇಕು ಅಂತ. ನಾನು ಬರೆದಿದ್ದ ದೊಡ್ಡವನನ್ನು ಓದಿದೆ. ನಾಚಿಕೆಯಾಯ್ತು. ಜಿಪುಣ, ಮಾತು ಮಾತಿಗೂ ಕೆಮ್ಮು, ಪಂಪ್‌ಸೆಟ್ ಹತ್ತಿರ ಕಾಲು ತೊಳೆದು ಲುಂಗಿಗೆ ಕೈ ಒರೆಸಿಕೊಂಡು ಬಂದು ಜಗಲಿಯ ಮೇಲೆ ಗೊಣಗುವವನು. ಜನ ನಗಲಿ ಅಂತ ಬರೆದಿದ್ದೆ. ಅದು ನನ್ನ ದೊಡ್ಡಪ್ಪ. ಕೆಮ್ಮೂ ಅವರದೇ, ಲುಂಗಿಯೂ ಅವರದೇ.

ನಮ್ಮಪ್ಪ ಪಾಲು ಮಾರಿ ಮೈಸೂರಿಗೆ ಬಂದವರು. ಹಾಳು ಮಾಡಿದವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ಆ ದುಡ್ಡಲ್ಲಿ ಸೈಟು, ಸೈಟಲ್ಲಿ ಮನೆ, ಮನೆಯಲ್ಲಿ ನನ್ನ ಓದಿನ ಮೇಜು. ದೊಡ್ಡಪ್ಪ ಊರಲ್ಲೇ ಉಳಿದರು, ಅಜ್ಜಿಯನ್ನೂ ಅವರೇ ನೋಡಿಕೊಂಡರು. ನಾವು ಹೋದಾಗಲೆಲ್ಲ ನಾಟಿಕೋಳಿ ಸಾರು, ಮುದ್ದೆ. ಬರುವಾಗ ಕಾರಿನ ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಬೆಲ್ಲ, ತೆಂಗಿನಕಾಯಿ. ಪಾಲಾಗಿ ಹದಿನೈದು ವರ್ಷದ ಮೇಲಾಯ್ತು. ಆ ಕೋಳಿ ಯಾರದು ಅಂತ ನಾವು ಒಂದು ದಿನವಾದರೂ ಯೋಚಿಸಿದ್ದೀವಾ? ಕಾಯಿ ಮೂಟೆಯನ್ನು ಡಿಕ್ಕಿಗೆ ಹಾಕುವಾಗ ಅಪ್ಪ ‘ಸಾಕು ಬಿಡಣ್ಣ’ ಅಂತಾರೆ. ಅದೂ ಹಾಕಿಯಾದ ಮೇಲೆ.

ಚಿಕ್ಕವಳಿದ್ದಾಗ ಎರಡು ಬೇಸಿಗೆ ಇಲ್ಲಿನ ನಾಟಕ ಸಂಸ್ಥೆ ರಂಗಾಯಣದ ಮಕ್ಕಳ ಶಿಬಿರ, ಚಿಣ್ಣರ ಮೇಳಕ್ಕೆ ಹೋಗಿದ್ದೆ. ಅರ್ಜಿಗೆ ಅಮ್ಮ ಬೆಳಗಿನ ಜಾವವೇ ಹೋಗಿ ಕ್ಯೂ ನಿಂತಿದ್ದಳು. 1989ರಲ್ಲಿ ಬಿ.ವಿ. ಕಾರಂತರು ಶುರು ಮಾಡಿದ ಜಾಗ ಅದು ಅಂತೆಲ್ಲ ಆಗ ಗೊತ್ತಿರಲಿಲ್ಲ, ಮರದ ಕೆಳಗೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದಷ್ಟೇ ಗೊತ್ತಿತ್ತು. ಅಲ್ಲಿ ನನ್ನನ್ನು ಮರ ಮಾಡಿದ್ದರು. ಮಾತಿಲ್ಲ. ನಾನು ಅತ್ತಾಗ ಅಲ್ಲಿನ ಅಕ್ಕ ಒಬ್ಬರು, ಮಾತಿಲ್ಲದಿದ್ದವರೂ ಕೇಳಿಸಿಕೊಳ್ತಾ ಇರಬೇಕು, ಮರ ಕೇಳಿಸಿಕೊಳ್ತಿದೆ ಅಂತ ಜನಕ್ಕೆ ಗೊತ್ತಾಗಬೇಕು ಅಂದಿದ್ದರು. ಆಗ ಸುಮ್ನೆ ಸಮಾಧಾನಕ್ಕೆ ಹೇಳಿದರು ಅಂದುಕೊಂಡಿದ್ದೆ.

ಮಂಗಳವಾರ ಒಂದು ಹೊಸ ದೃಶ್ಯ ಬರೆದೆ. ಟಗರು ಎಳೆದುಕೊಂಡು ಹೋಗುವ ಮೊದಲು ಅಪ್ಪ ಗದ್ದೆಗೆ ಹೋಗುತ್ತಾನೆ. ದೊಡ್ಡವನು ನೀರು ತಿರುಗಿಸುತ್ತಿರುತ್ತಾನೆ. ಅಪ್ಪ ಕೇಳುತ್ತಾನೆ. ದೊಡ್ಡವನು ಏನೂ ಹೇಳುವುದಿಲ್ಲ, ಗುದ್ದಲಿ ಕೆಳಗಿಟ್ಟು ಕೆಮ್ಮುತ್ತಾನೆ. ಅಷ್ಟೇ. ಸೆಕ್ರೆಟರಿ ಅಣ್ಣ ಓದಿ, ಬೈಬಲ್‌ನಲ್ಲಿ ಇದಿಲ್ಲ, ಟೈಮೂ ಇಲ್ಲ, ತೆಗಿ ಅಂದ. ಆಲೆಮನೆ, ಪಿಜಿ ಎಲ್ಲಿವೆ ಬೈಬಲ್‌ನಲ್ಲಿ ಅಂತ ನಾನು. ಇನ್ನೂ ಜಗಳ ಮುಗಿದಿಲ್ಲ. ಅಯ್ಯನವರಿಗೆ ಹೇಳಿದ್ದೇವೆ. ಅವರು ಕಾಫಿ ಕುಡಿಯುತ್ತಿದ್ದಾರೆ.

ಉಳಿದಿದ್ದು ದೊಡ್ಡಪ್ಪನನ್ನು ಕೇಳುವುದು. ಬೇರೆಯವರು ನನ್ನನ್ನು ಕೇಳಲಿಲ್ಲ ಅಂತ ವಾರವಿಡೀ ಕೂಗಾಡಿದವಳು ಅವರ ಕೆಮ್ಮನ್ನು ಕೇಳದೆ ಎತ್ತಿಕೊಂಡಿದ್ದೀನಲ್ಲ. ಧೈರ್ಯ ಬರಲು ಎರಡು ದಿನ ಬೇಕಾಯ್ತು. ನಿನ್ನೆ ರಾತ್ರಿ ಫೋನ್ ಮಾಡಿದೆ.

“ನಾಟ್ಕ ಬರ್ದಿದೀಯಂತೆ” ಅಂದರು ಅವರೇ. ತಮ್ಮ ಆಗಲೇ ಊದಿಬಿಟ್ಟಿದ್ದಾನೆ. “ನಂಗೆ ಕೆಮ್ಮೋನ ಪಾತ್ರವಂತೆ.”

“ಹಾಕಬಹುದಾ ದೊಡ್ಡಪ್ಪ? ಬೇಡ ಅಂದ್ರೆ ತೆಗೀತೀನಿ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಜವಾದ ಕೆಮ್ಮು. “ಆಯ್ತು ಕಣವ್ವ, ಬರ್ತೀನಿ ನೋಡಕ್ಕೆ. ಕಾಯಿ ಗೀಯಿ ಏನಾದ್ರೂ ತರ್ಲಾ?” ಬೇಡ ದೊಡ್ಡಪ್ಪ, ನೀವು ಬನ್ನಿ ಸಾಕು ಅಂದೆ.

“ಅದ್ಸರಿ, ಚಿಕ್ಕೋನ ಪಾತ್ರ ಯಾರ್ದು?”

ಫೋನ್ ಸ್ಪೀಕರ್‌ನಲ್ಲಿತ್ತು. ಅಪ್ಪ ಟಿವಿಯ ಸೌಂಡ್ ಜಾಸ್ತಿ ಮಾಡಿದರು.